ಕೂಸ್ಟೊ ಅವರ ಸಮುದ್ರ, ನಮ್ಮ ಒಂದು ದಿನದ ಪ್ಲಾನ್

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಹಾಸ್ಟೆಲ್ ರೂಮಿನಲ್ಲಿ ಕೂತು ರಾಸ್ ಮೊಹಮ್ಮದ್‌ಗೆ ಒಂದು ದಿನದ ಸ್ನಾರ್ಕೆಲಿಂಗ್ ಟ್ರಿಪ್ ಪ್ಲಾನ್ ಮಾಡಿದೆವು. ಈಜಿಪ್ಟಿನ ಸಿನಾಯ್ ಮರುಭೂಮಿ ಕೆಂಪು ಸಮುದ್ರದಲ್ಲಿ ಮುಗಿಯುತ್ತದಲ್ಲ, ಆ ದಕ್ಷಿಣದ ತುದಿಯೇ ರಾಸ್ ಮೊಹಮ್ಮದ್. 1983ರಲ್ಲಿ ಅದು ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. ಶರ್ಮ್ ಎಲ್ ಶೇಖ್ ಊರಿನಿಂದ ಬೆಳಿಗ್ಗೆ ಹೊರಟು, ಹವಳದ ದಿಬ್ಬಗಳನ್ನು ನೋಡಿ, ಸಂಜೆಗೆ ವಾಪಸ್ ಬರಬಹುದು. ಯಾವಾಗ ಹೋಗ್ತೀರಾ ಅಂತ ಕೇಳಬೇಡಿ, ಮೊದಲು ಪ್ಲೇಸ್‌ಮೆಂಟ್ ಆಗಲಿ. ಪ್ಲಾನ್ ಮಾಡೋಕಂತೂ ದುಡ್ಡು ಬೇಕಿಲ್ಲ.

ಶೀಟ್‌ನಲ್ಲಿ ಎರಡು ಕಾಲಂ ಮಾಡಿದ್ದೆವು: ಮಾಡಬೇಕಾದದ್ದು, ಮಾಡಬಾರದ್ದು. ನೋಡ್ತಾ ನೋಡ್ತಾ ಎರಡನೆಯದೇ ಉದ್ದ ಆಯಿತು. ಹವಳ ಮುಟ್ಟಬಾರದು, ಅದರ ಮೇಲೆ ನಿಲ್ಲಬಾರದು, ಮೀನಿಗೆ ತಿಂಡಿ ಹಾಕಬಾರದು, ಒಂದು ಚಿಪ್ಪನ್ನೂ ಎತ್ತಿಕೊಂಡು ಬರಬಾರದು, ದೋಣಿ ಕೂಡ ದಿಬ್ಬದ ಮೇಲೆ ಲಂಗರು ಹಾಕಬಾರದು. ಇಷ್ಟೆಲ್ಲ ರೂಲ್ಸ್ ಯಾಕೆ ಅಂತ ನಮಗೆ ಸ್ವಲ್ಪ ಕಿರಿಕಿರಿ ಆಗಿದ್ದು ನಿಜ. ಆಮೇಲೆ ಜಾಕ್ ಕೂಸ್ಟೊ ಅವರ ಜೀವನ ಓದಿದೆವು. ಜಗತ್ತಿಗೆ ಕೆಂಪು ಸಮುದ್ರದ ಒಳಗನ್ನು ತೋರಿಸಿದ ವ್ಯಕ್ತಿ ಅವರು. ಹಾಗೆ ತೋರಿಸುವಾಗಲೇ ಈ ಪಟ್ಟಿಗಿಂತ ದೊಡ್ಡ ತಪ್ಪುಗಳನ್ನೂ ಮಾಡಿದವರು.

ಕೂಸ್ಟೊ ಹುಟ್ಟಿದ್ದು 1910ರ ಜೂನ್ 11ರಂದು, ಫ್ರಾನ್ಸಿನ ಬೋರ್ಡೋ ನಗರದ ಹತ್ತಿರದ ಒಂದು ಸಣ್ಣ ಊರಿನಲ್ಲಿ. 1930ರಲ್ಲಿ ನೌಕಾ ಅಕಾಡೆಮಿ ಸೇರಿದರು. ಅವರ ಆಸೆ ಇದ್ದದ್ದು ಆಕಾಶದ ಮೇಲೆ, ನೌಕಾಪಡೆಯ ಪೈಲಟ್ ಆಗಬೇಕು ಅಂತ. ಟ್ರೈನಿಂಗ್ ನಡೆಯುತ್ತಿದ್ದಾಗ ಕಾರು ಅಪಘಾತದಲ್ಲಿ ಎರಡೂ ಕೈಗಳಿಗೆ ಪೆಟ್ಟಾಗಿ ಆ ಕನಸು ಅಲ್ಲಿಗೇ ನಿಂತಿತು. ಕೈಗೆ ಬಲ ಬರಲಿ ಅಂತ ತೂಲೋಂ ಬಂದರಿನ ಹತ್ತಿರ ದಿನಾ ಈಜುತ್ತಿದ್ದರು. 1936ರಲ್ಲಿ ಅವರ ಜೊತೆಯ ಅಧಿಕಾರಿ ಫಿಲಿಪ್ ತಾಯೆ ಒಂದು ಜೊತೆ ಈಜುಕನ್ನಡಕ ಕೊಟ್ಟರು. ಕೂಸ್ಟೊ ಅದನ್ನು ಹಾಕಿಕೊಂಡು ನೀರಿಗೆ ಮುಖ ಇಟ್ಟರು, ಅಷ್ಟೇ. ಅಲ್ಲಿಂದ ಮುಂದೆ ಅವರ ಬದುಕು ನೀರಿನ ಕೆಳಗೇ ಹೋಯಿತು. ಅಂದರೆ ಅವರೂ ಶುರು ಮಾಡಿದ್ದು ನಾವು ಪ್ಲಾನ್ ಮಾಡಿದ ಹಾಗೆಯೇ: ಸಿಲಿಂಡರ್ ಇಲ್ಲ, ಕಣ್ಣಿನ ಮುಂದೆ ಒಂದು ಗಾಜು, ಎದೆಯಲ್ಲಿ ಒಂದು ಉಸಿರು.

ಆದರೆ ಒಂದು ಉಸಿರು ಎಷ್ಟು ಹೊತ್ತು ಬರುತ್ತೆ? ಶುದ್ಧ ಆಕ್ಸಿಜನ್ ಉಪಕರಣ ಕಟ್ಟಿಕೊಂಡು ಇಳಿದು ನೋಡಿದರು. ಆಳಕ್ಕೆ ಹೋದಾಗ ಒತ್ತಡ ಏರಿ ಆಕ್ಸಿಜನ್ನೇ ವಿಷವಾಗುತ್ತದೆ. ಅವರಿಗೆ ನೀರಿನೊಳಗೇ ಸೆಳೆತ ಬಂತು, ಸ್ವಲ್ಪದರಲ್ಲಿ ಬದುಕಿಕೊಂಡರು.

ಇಲ್ಲಿಂದ ಮುಂದಿನದು ನಮ್ಮಂಥವರಿಗೆ ಇಷ್ಟವಾಗುವ ಭಾಗ. 1937ರಲ್ಲಿ ಅವರು ಮದುವೆಯಾದ ಸಿಮೋನ್ ಅವರ ತಂದೆ ಏರ್ ಲಿಕ್ವಿಡ್ ಎಂಬ ಗ್ಯಾಸ್ ಕಂಪನಿಯಲ್ಲಿದ್ದರು. ಅದೇ ಕಂಪನಿಯಲ್ಲಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಇದ್ದರು. ಯುದ್ಧದ ಕಾಲ, ಪೆಟ್ರೋಲ್ ಸಿಗುತ್ತಿರಲಿಲ್ಲ. ಕಾರುಗಳನ್ನು ಗ್ಯಾಸ್‌ನಲ್ಲಿ ಓಡಿಸಲು ಗಾನ್ಯಾನ್ ಒಂದು ವಾಲ್ವ್ ಮಾಡಿದ್ದರು. ಎಂಜಿನ್ ಎಷ್ಟು ಎಳೆಯುತ್ತೋ ಅಷ್ಟೇ ಗ್ಯಾಸ್ ಬಿಡುವ ವಾಲ್ವ್ ಅದು. ಎಂಜಿನ್ ಜಾಗದಲ್ಲಿ ಮನುಷ್ಯನ ಶ್ವಾಸಕೋಶ ಇಟ್ಟರೆ? 1943ರಲ್ಲಿ ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ ಕೂಸ್ಟೊ ಅದನ್ನು ಟೆಸ್ಟ್ ಮಾಡಿದರು. ಅಡ್ಡವಾಗಿ ಮಲಗಿ ಈಜಿದರೆ ಸರಿ ಇತ್ತು. ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸೋರಿಹೋಗುತ್ತಿತ್ತು, ತಲೆಕೆಳಗಾದರೆ ಉಸಿರೇ ಎಳೆಯಲು ಆಗುತ್ತಿರಲಿಲ್ಲ. ಉಸಿರು ಹೊರಹೋಗುವ ಬಾಯಿ ಮತ್ತು ರೆಗ್ಯುಲೇಟರ್‌ನ ಡಯಾಫ್ರಮ್ ಬೇರೆಬೇರೆ ಎತ್ತರದಲ್ಲಿದ್ದವು, ಎರಡರ ಮೇಲೆ ನೀರಿನ ಒತ್ತಡ ಬೇರೆಯಾಗುತ್ತಿತ್ತು. ಎರಡನ್ನೂ ಅಕ್ಕಪಕ್ಕ ತಂದರು, ಸಮಸ್ಯೆ ಮುಗಿಯಿತು. ಫ್ಲೂಯಿಡ್ ಮೆಕ್ಯಾನಿಕ್ಸ್ ಮೊದಲ ಚಾಪ್ಟರ್‌ನ ಪಾಠ ಇದು! ಹೀಗೆ ಬಂತು ಅಕ್ವಾಲಂಗ್. ಇವತ್ತಿನ ಸ್ಕೂಬಾ ಗೇರ್ ಎಲ್ಲ ಅದರ ಸಂತಾನವೇ.

ಯುದ್ಧ ಮುಗಿದ ಮೇಲೆ ಗಿನ್ನೆಸ್ ಮನೆತನದ ಒಬ್ಬ ಶ್ರೀಮಂತರು ಹಳೆಯ ಮೈನ್‌ಸ್ವೀಪರ್ ಹಡಗೊಂದನ್ನು ಕೊಂಡು, ವರ್ಷಕ್ಕೆ ಒಂದು ಫ್ರಾಂಕ್ ಬಾಡಿಗೆಗೆ ಕೂಸ್ಟೊ ಅವರಿಗೆ ಕೊಟ್ಟರು. ಅದೇ ಕ್ಯಾಲಿಪ್ಸೊ. 1951ರಲ್ಲಿ ಅದರ ಮೊದಲ ದೊಡ್ಡ ಯಾತ್ರೆ ಹೊರಟಿದ್ದು ಕೆಂಪು ಸಮುದ್ರಕ್ಕೆ, ಹವಳ ನೋಡಲು.

ಸುತ್ತ ಮರಳುಗಾಡು, ನೀರಿನಲ್ಲಿ ಮಾತ್ರ ಇಷ್ಟೊಂದು ಜೀವ ಹೇಗೆ ಅಂತ ನಮಗೂ ಅನಿಸಿತ್ತು. ಮರಳುಗಾಡು ಇರುವುದೂ ಒಂದು ಕಾರಣವಂತೆ. ಅಲ್ಲಿ ವರ್ಷವಿಡೀ ಹರಿದು ಸಮುದ್ರ ಸೇರುವ ನದಿ ಇಲ್ಲ, ಮಳೆ ಅಪರೂಪ, ಹಾಗಾಗಿ ಕೆಸರು ಬರುವುದಿಲ್ಲ. ನೀರು ತಿಳಿಯಾಗಿ ಬಿಸಿಲು ಆಳಕ್ಕೆ ಇಳಿಯುತ್ತದೆ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ, ಅದು ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ. ಆದರೆ ಬೆಳವಣಿಗೆ ತುಂಬಾ ನಿಧಾನ. ಬಂಡೆಯ ಹಾಗೆ ಕಾಣುವ ಹವಳ ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆದರೆ ದೊಡ್ಡದು. ನಮ್ಮ ಒಂದು ಕಾಲ್ತುಳಿತಕ್ಕೆ ಎಷ್ಟು ವರ್ಷ ಹೋಗುತ್ತೆ, ನೀವೇ ಲೆಕ್ಕ ಹಾಕಿ.

ಕೂಸ್ಟೊ ಆಗ ಆ ಲೆಕ್ಕ ಹಾಕಿರಲಿಲ್ಲ. 1956ರಲ್ಲಿ ಲೂಯಿ ಮಾಲ್ ಜೊತೆ ಸೇರಿ ಮಾಡಿದ ದಿ ಸೈಲೆಂಟ್ ವರ್ಲ್ಡ್ ಸಿನಿಮಾಗೆ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಬಂತು, ಆಸ್ಕರ್ ಕೂಡ ಬಂತು. ಲಕ್ಷಾಂತರ ಜನ ಮೊದಲ ಸಲ ಬಣ್ಣದಲ್ಲಿ ಸಮುದ್ರದ ಒಳಗನ್ನು ನೋಡಿದರು. ಅದೇ ಸಿನಿಮಾದಲ್ಲಿ ಮೀನುಗಳ ಎಣಿಕೆಗೆ ಅಂತ ಹವಳದ ಜಾಗದಲ್ಲಿ ಡೈನಮೈಟ್ ಸಿಡಿಸುತ್ತಾರೆ. ಹಡಗಿನ ಪ್ರೊಪೆಲರ್ ತಗುಲಿ ತಿಮಿಂಗಿಲದ ಮರಿಯೊಂದು ಗಾಯಗೊಳ್ಳುತ್ತದೆ, ರಕ್ತಕ್ಕೆ ಬಂದ ಶಾರ್ಕ್‌ಗಳನ್ನು ಸಿಬ್ಬಂದಿ ಡೆಕ್ ಮೇಲೆ ಎಳೆದು ಹೊಡೆದು ಸಾಯಿಸುತ್ತಾರೆ. ದೈತ್ಯ ಆಮೆಗಳ ಬೆನ್ನೇರಿ ಕೂರುತ್ತಾರೆ. ಯಾವುದನ್ನೂ ಮುಚ್ಚಿಟ್ಟಿಲ್ಲ, ಯಾಕೆಂದರೆ ಅದು ತಪ್ಪು ಅಂತಲೇ ಅವರಿಗೆ ಅನಿಸಿರಲಿಲ್ಲ. 1954ರಲ್ಲಿ ಖರ್ಚು ತೂಗಿಸಲು ಅಬುಧಾಬಿ ಕರಾವಳಿಯಲ್ಲಿ ಎಣ್ಣೆ ಕಂಪನಿಗಾಗಿ ಸಮುದ್ರದ ತಳದ ಕಲ್ಲುಗಳನ್ನೂ ಕಿತ್ತು ಕೊಟ್ಟಿದ್ದರು.

1963ರಲ್ಲಿ ಸುಡಾನ್ ಕರಾವಳಿಯ ಶಾಬ್ ರೂಮಿ ದಿಬ್ಬದ ಮೇಲೆ, ಸುಮಾರು 10 ಮೀಟರ್ ಆಳದಲ್ಲಿ ಒಂದು ಮನೆಯನ್ನೇ ಕಟ್ಟಿದರು. ಅದರಲ್ಲಿ ಐದು ಜನ ಒಂದು ತಿಂಗಳು ವಾಸ ಮಾಡಿದರು. ಮನುಷ್ಯ ಸಮುದ್ರದ ತಳದಲ್ಲಿ ಊರು ಕಟ್ಟಿ ದುಡಿಯುತ್ತಾನೆ ಅಂತ ಅವರು ಆಗ ನಂಬಿದ್ದರು. ಅವರ ಹ್ಯಾಂಗರ್ ಇನ್ನೂ ಅಲ್ಲೇ ಇದೆ, ಈಗ ಅದರ ಮೇಲೆ ಹವಳ ಬೆಳೆದಿದೆ.

ಅವರು ಬದಲಾಗಿದ್ದು ಒಂದೇ ದಿನದಲ್ಲಲ್ಲ. 1960ರಲ್ಲೇ ಮೆಡಿಟರೇನಿಯನ್‌ಗೆ ಅಣುತ್ಯಾಜ್ಯ ಸುರಿಯುವ ಯೋಜನೆಯನ್ನು ವಿರೋಧಿಸಿದ್ದರು. ತಾವು ಮೊದಲು ಇಳಿದ ಜಾಗಗಳಿಗೆ ವರ್ಷಗಳ ನಂತರ ಮತ್ತೆ ಇಳಿದಾಗ ಮೀನು ಕಡಿಮೆ, ಹವಳ ಸತ್ತಿರುವುದು ಹೆಚ್ಚು ಕಂಡಿತು. 1973ರಲ್ಲಿ ಸಮುದ್ರ ಉಳಿಸಲು ಸಂಸ್ಥೆ ಕಟ್ಟಿದರು. 1979ರಲ್ಲಿ ಮಗ ಫಿಲಿಪ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆ ಪೆಟ್ಟಿನ ನಂತರವೂ ಕೂಸ್ಟೊ ಕೆಲಸ ಬಿಡಲಿಲ್ಲ. ಎಂಬತ್ತರ ವಯಸ್ಸಿನಲ್ಲಿ ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆ ಬೇಡ ಅಂತ ಸಹಿ ಸಂಗ್ರಹಕ್ಕೆ ಇಳಿದರು. 1991ರ ಒಪ್ಪಂದದಲ್ಲಿ ಅಲ್ಲಿ ಗಣಿಗಾರಿಕೆ ನಿಷೇಧವಾಯಿತು. 1996ರಲ್ಲಿ ಸಿಂಗಾಪುರದ ಬಂದರಿನಲ್ಲಿ ಬಾರ್ಜ್ ಗುದ್ದಿ ಕ್ಯಾಲಿಪ್ಸೊ ಮುಳುಗಿತು. ಮರುವರ್ಷ ಜೂನ್ 25ರಂದು ಕೂಸ್ಟೊ ಹೋದರು, ಹುಟ್ಟಿದ ಊರಿನಲ್ಲೇ ಮಣ್ಣಾದರು.

ಇದನ್ನೆಲ್ಲ ಓದಿದ ಮೇಲೆ ಅವರನ್ನು ಬೈಯಬೇಕೋ ಹೊಗಳಬೇಕೋ ಅಂತ ನಮ್ಮಲ್ಲಿ ರಾತ್ರಿ ಒಂದು ಗಂಟೆವರೆಗೆ ಜಗಳ ನಡೆಯಿತು. ತೀರ್ಮಾನ ಆಗಲಿಲ್ಲ. ಆದರೆ ಒಂದು ವಿಷಯ ಒಪ್ಪಿಕೊಂಡೆವು. ಅವರಿಗೆ ಆ ಪಟ್ಟಿ ಬರೆದುಕೊಡುವವರು ಯಾರೂ ಇರಲಿಲ್ಲ. ನಮ್ಮ ಕೈಯಲ್ಲಿ ಅದು ಇದೆ. ಗೊತ್ತಿರಲಿಲ್ಲ ಅಂತ ನಾವು ಹೇಳುವ ಹಾಗಿಲ್ಲ.

ಮತ್ತೆ ಶೀಟ್ ತೆಗೆದೆವು. ಹವಳದ ಮೇಲೆ ಬೇಕಂತಲೇ ಹತ್ತುವವರಿಗಿಂತ, ಮಾಸ್ಕ್‌ಗೆ ನೀರು ನುಗ್ಗಿ ಗಾಬರಿಯಾಗಿ, ಕಾಲೂರಲು ಜಾಗ ಹುಡುಕುವವರೇ ಜಾಸ್ತಿ ಇರಬೇಕು ಅನಿಸಿತು. ನಮ್ಮ ನಾಲ್ವರಲ್ಲಿ ಇಬ್ಬರಿಗೆ ಈಜೇ ಬರೋದಿಲ್ಲ! ಹಾಗಾಗಿ ಪಾಸ್‌ಪೋರ್ಟ್, ಉದ್ಯಾನದ ಪ್ರವೇಶ ಶುಲ್ಕ, ಲಂಗರು ಹಾಕದೆ ತೇಲುಗುಂಡಿಗೆ ಕಟ್ಟುವ ದೋಣಿ, ಇವೆಲ್ಲಕ್ಕಿಂತ ಮೇಲೆ ಒಂದು ಹೊಸ ಸಾಲು ಸೇರಿಸಿದೆವು: ಈಜುಕೊಳದಲ್ಲಿ ಮಾಸ್ಕ್ ಹಾಕಿಕೊಂಡು, ಕಾಲೂರದೆ ಅರ್ಧ ಗಂಟೆ ತೇಲುವುದನ್ನು ಕಲಿಯಬೇಕು. ಈ ಭಾನುವಾರದಿಂದ ಶುರು. ಬರೋರು ಹೆಸರು ಕೊಡಿ.