ಹುಡುಗಿಯರ ಕೈಗೆ ಚೆಂಡು ಕೊಟ್ಟ ಸೆಂಡಾ ಬೆರೆನ್‌ಸನ್

ಬಾಸ್ಕೆಟ್‌ಬಾಲ್ ಆಟವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಕೆಲವರು ಆಡಿಯೂ ಇದ್ದೇವೆ. ಎರಡು ಕಂಬ, ಕಂಬಕ್ಕೊಂದು ಹಲಗೆ, ಹಲಗೆಗೆ ಕಬ್ಬಿಣದ ಬಳೆ, ಬಳೆಯಿಂದ ಇಳಿಬಿಟ್ಟ ಬಲೆ. ಈ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರ ಹೆಸರು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಆಟ ಹುಟ್ಟಿದ ಮರುವರ್ಷವೇ ಅದನ್ನು ಹುಡುಗಿಯರಿಗೆ ಕಲಿಸಿ, ಕಾಲೇಜಿನಲ್ಲಿ ಹೆಣ್ಣುಮಕ್ಕಳ ತಂಡಗಳನ್ನು ಕಟ್ಟಿದ ಅಧ್ಯಾಪಕಿಯ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಅವರೇ ಸೆಂಡಾ ಬೆರೆನ್‌ಸನ್. ಅವರ ಬಾಳಿನ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಸೆಂಡಾ ಹುಟ್ಟಿದ್ದು 1868ನೇ ಇಸವಿ ಮಾರ್ಚ್ 19ರಂದು, ಈಗಿನ ಲಿಥುವೇನಿಯಾ ದೇಶದ ಬುಟ್ರಿಮೊನಿಸ್ ಎಂಬ ಸಣ್ಣ ಊರಿನಲ್ಲಿ. ಆಗ ಆ ಪ್ರದೇಶವು ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಅವರದು ಯಹೂದಿ ಕುಟುಂಬ. ತಂದೆ ಆಲ್ಬರ್ಟ್ ಜೀವನೋಪಾಯವನ್ನು ಅರಸಿ ಅಮೆರಿಕದ ಬಾಸ್ಟನ್ ನಗರಕ್ಕೆ ಹೋದರು. 1875ರಲ್ಲಿ ತಾಯಿಯೂ ಮಕ್ಕಳೂ ಅಲ್ಲಿಗೆ ಹೋಗಿ ಸೇರಿದರು. ಅಲ್ಲಿ ಮನೆತನದ ಹಳೆಯ ಹೆಸರು ಹೋಗಿ ಬೆರೆನ್‌ಸನ್ ಎಂದಾಯಿತು. ತಂದೆ ಪಾತ್ರೆಪಗಡೆಗಳನ್ನು ತಿರುಗಾಡಿ ಮಾರಿ ಸಂಸಾರ ಸಾಗಿಸಿದರು. ಮನೆಯೊಳಗೆ ಒಂದು ಮಾತು, ಹೊಸಿಲು ದಾಟಿದರೆ ಇನ್ನೊಂದು ಮಾತು. ಗಡಿನಾಡಿನಲ್ಲಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸೆಂಡಾ ಅವರ ಅಣ್ಣ ಬರ್ನಾರ್ಡ್ ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, ಇಟಲಿಯ ಚಿತ್ರಕಲೆಯ ವಿಮರ್ಶಕರಾಗಿ ಜಗತ್ಪ್ರಸಿದ್ಧರಾದರು.

ಬಾಲ್ಯದಲ್ಲಿ ಸೆಂಡಾ ಆಟಗಾರ್ತಿಯಾಗಿರಲಿಲ್ಲ. ಮೈ ದುರ್ಬಲ, ಆರೋಗ್ಯ ಯಾವಾಗಲೂ ಅಷ್ಟಕ್ಕಷ್ಟೆ. ಓಡುವುದು, ನೆಗೆಯುವುದು ಎಂದರೆ ಆಗದು. ಸಂಗೀತದಲ್ಲಿ ಆಸಕ್ತಿಯಿದ್ದು ಪಿಯಾನೋ ಕಲಿಯಲು ಸೇರಿದರು. ಆದರೆ ಬೆನ್ನುನೋವಿನಿಂದಾಗಿ ಪಿಯಾನೋದ ಮುಂದೆ ಬಹಳ ಹೊತ್ತು ಕುಳಿತುಕೊಳ್ಳುವುದು ಸಾಧ್ಯವಾಗದೆ ಆ ಕಲಿಕೆಯೂ ನಿಂತುಹೋಯಿತು.

ಅದೇ ಸಮಯದಲ್ಲಿ ಬಾಸ್ಟನ್ನಿನಲ್ಲಿ ವ್ಯಾಯಾಮ ಶಿಕ್ಷಕಿಯರನ್ನು ತರಬೇತು ಮಾಡುವ ಒಂದು ಶಾಲೆ ಆರಂಭವಾಗಿತ್ತು. ಮೇರಿ ಹೆಮೆನ್‌ವೇ ಎಂಬ ಉದಾರ ಮಹಿಳೆ 1889ರಲ್ಲಿ ಅದನ್ನು ಸ್ಥಾಪಿಸಿದ್ದರು. ಏಮಿ ಮಾರಿಸ್ ಹೋಮನ್ಸ್ ಅದರ ಮುಖ್ಯಸ್ಥೆ. 1890ರಲ್ಲಿ ಸೆಂಡಾ ಅಲ್ಲಿಗೆ ಸೇರಿದ್ದು ಶಿಕ್ಷಕಿಯಾಗಬೇಕೆಂಬ ಹಂಬಲದಿಂದಲ್ಲ. ಮೈಗೆ ಒಂದಿಷ್ಟು ಕಸುವು ಬಂದರೆ ಸಾಕೆಂದು. ಮೊದಲ ದಿನಗಳಲ್ಲಿ ಐದು ನಿಮಿಷ ನೆಟ್ಟಗೆ ನಿಲ್ಲುವುದೂ ಅವರಿಗೆ ಕಷ್ಟವಾಗುತ್ತಿತ್ತು. ವ್ಯಾಯಾಮದ ಮೇಲೆ ಬೇಸರವೂ ಇತ್ತು. ಆದರೂ ಪಟ್ಟು ಬಿಡದೆ ದಿನದಿನವೂ ಅಭ್ಯಾಸ ಮಾಡಿದರು. ತಿಂಗಳುಗಳು ಕಳೆದಂತೆ ನೋವು ಇಳಿಯಿತು, ಮೈ ಹಿಡಿತಕ್ಕೆ ಬಂತು. ತನ್ನ ದೇಹದಲ್ಲಿಯೇ ಕಂಡ ಈ ಬದಲಾವಣೆಯನ್ನು ಇತರ ಹೆಣ್ಣುಮಕ್ಕಳಿಗೂ ದೊರಕಿಸಬೇಕೆಂಬ ಆಸೆ ಅವರಲ್ಲಿ ಮೂಡಿತು.

1892ರ ಜನವರಿಯಲ್ಲಿ ಅದಕ್ಕೆ ಅವಕಾಶ ಒದಗಿತು. ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಥಾಂಪ್ಟನ್ ಊರಿನಲ್ಲಿರುವ ಸ್ಮಿತ್ ಕಾಲೇಜಿಗೆ ವ್ಯಾಯಾಮ ಶಿಕ್ಷಕಿಯೊಬ್ಬರು ಬೇಕಾಗಿದ್ದರು. ಬದಲಿ ಶಿಕ್ಷಕಿಯಾಗಿ ಹೋದ ಸೆಂಡಾ ಅಲ್ಲಿಯೇ ನೆಲೆಯೂರಿದರು. ಆಗ ಅವರಿಗೆ 23 ವರ್ಷ.

ಆ ಕಾಲದ ಅಭಿಪ್ರಾಯ ಹೇಗಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಹೆಣ್ಣುಮಕ್ಕಳು ಹೆಚ್ಚು ಓದಿದರೆ ಆರೋಗ್ಯ ಕೆಡುತ್ತದೆಂದು ವಾದಿಸಿ ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಲಾರ್ಕ್ 1873ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದರು. ಅದಾಗಿ ಎರಡೇ ವರ್ಷಕ್ಕೆ, 1875ರಲ್ಲಿ, ಸೋಫಿಯಾ ಸ್ಮಿತ್ ಎಂಬ ಮಹಿಳೆ ಬಿಟ್ಟುಹೋದ ಆಸ್ತಿಯಿಂದ ಸ್ಮಿತ್ ಕಾಲೇಜು ತೆರೆದಿತ್ತು. ಓದುವುದೇ ಅಪಾಯವೆಂದ ಮೇಲೆ ಓಡಿ ಆಡುವ ಮಾತೆಲ್ಲಿ? ಉಸಿರು ಬಿಗಿಹಿಡಿಯುವ ಒಳಉಡುಪು, ನೆಲ ಗುಡಿಸುವ ಲಂಗ, ಮೆಲ್ಲನೆಯ ನಡಿಗೆ ಇವೇ ಮರ್ಯಾದಸ್ಥ ಹೆಣ್ಣಿನ ಲಕ್ಷಣಗಳೆಂದು ಸಮಾಜ ತಿಳಿದಿತ್ತು.

ನಾರ್ಥಾಂಪ್ಟನ್ನಿಗೆ ಸಮೀಪದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ 1891ರ ಡಿಸೆಂಬರ್‌ನಲ್ಲಿ ನೈಸ್ಮಿತ್ ತಮ್ಮ 18 ವಿದ್ಯಾರ್ಥಿಗಳಿಗಾಗಿ ಹೊಸ ಆಟವೊಂದನ್ನು ರಚಿಸಿದ್ದರು. ವ್ಯಾಯಾಮಶಾಲೆಯಲ್ಲಿ 10 ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳು, ಒಂದು ಚೆಂಡು, 13 ನಿಯಮಗಳು. ಇಷ್ಟೇ ಅದರ ಬಂಡವಾಳ. ಈ ಆಟದ ವಿವರವನ್ನು ಸೆಂಡಾ ಒಂದು ಪತ್ರಿಕೆಯಲ್ಲಿ ಓದಿದರು. ಕವಾಯತಿನಂಥ ವ್ಯಾಯಾಮದಿಂದ ಬೇಸತ್ತಿದ್ದ ತಮ್ಮ ವಿದ್ಯಾರ್ಥಿನಿಯರಿಗೆ ಇದನ್ನು ಕಲಿಸಿ ನೋಡೋಣವೆಂದು ಯೋಚಿಸಿದರು. ಕಲಿಸಿದ್ದೇ ತಡ, ಹುಡುಗಿಯರು ಆಟಕ್ಕೆ ಮನಸೋತರು.

1893ರ ಮಾರ್ಚ್ ತಿಂಗಳಲ್ಲಿ ಕಾಲೇಜಿನ ಮೊದಲನೆಯ ವರ್ಷದವರಿಗೂ ಎರಡನೆಯ ವರ್ಷದವರಿಗೂ ಪಂದ್ಯ ಏರ್ಪಾಟಾಯಿತು. ಹೆಣ್ಣುಮಕ್ಕಳ ಕಾಲೇಜು ತಂಡಗಳ ಬಾಸ್ಕೆಟ್‌ಬಾಲ್ ಇತಿಹಾಸ ಆರಂಭವಾಗುವುದು ಇಲ್ಲಿಂದಲೇ. ವ್ಯಾಯಾಮಶಾಲೆ ಕಿಕ್ಕಿರಿದಿತ್ತು. ತಮ್ಮ ತಮ್ಮ ತರಗತಿಯ ಬಣ್ಣಗಳನ್ನು ತೊಟ್ಟ ವಿದ್ಯಾರ್ಥಿನಿಯರ ಹಾಡು, ಕೂಗು ಮುಗಿಲು ಮುಟ್ಟಿತ್ತು. ಆಟದ ಉಡುಪಿನಲ್ಲಿದ್ದ ಹುಡುಗಿಯರನ್ನು ಗಂಡಸರು ನೋಡಬಾರದೆಂದು ಅವರಿಗೆ ಪ್ರವೇಶವಿರಲಿಲ್ಲ. ಆರಂಭಕ್ಕೆ ಸೆಂಡಾ ಚೆಂಡನ್ನು ಮೇಲಕ್ಕೆ ಎಸೆದಾಗಲೇ ಒಂದು ಅನಾಹುತವಾಯಿತು. ಮೊದಲ ವರ್ಷದ ತಂಡದ ಮಧ್ಯದ ಆಟಗಾರ್ತಿಯ ಎತ್ತಿದ ಕೈಗೆ ಪೆಟ್ಟು ಬಿದ್ದು ಭುಜದ ಕೀಲು ತಪ್ಪಿತು. ಹೆಣ್ಣುಮಕ್ಕಳಿಗೆ ಇದೆಲ್ಲ ಸಲ್ಲದೆಂದು ಆಟವನ್ನು ಅಲ್ಲಿಗೇ ಮುಗಿಸಿಬಿಡಬಹುದಾಗಿತ್ತು. ಸೆಂಡಾ ಹಾಗೆ ಮಾಡಲಿಲ್ಲ. ಗಾಯಗೊಂಡ ಹುಡುಗಿಯ ಉಪಚಾರ ನಡೆಯಿತು, ಬದಲಿ ಆಟಗಾರ್ತಿ ಅಂಗಳಕ್ಕಿಳಿದಳು, ಪಂದ್ಯ ಮುಂದುವರಿಯಿತು. ಕೊನೆಗೆ ಎರಡನೆಯ ವರ್ಷದವರು 5–4ರಿಂದ ಗೆದ್ದರು.

ಆಟ ಬೇಗನೆ ಇತರ ಕಾಲೇಜುಗಳಿಗೂ ಹಬ್ಬಿತು. ದೇಶದ ಇನ್ನೊಂದು ತುದಿಯಾದ ಕ್ಯಾಲಿಫೋರ್ನಿಯಾದಲ್ಲಿ 1896ರ ಏಪ್ರಿಲ್ 4ರಂದು ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಹುಡುಗಿಯರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೆಣಸಿದರು. ಸ್ಟ್ಯಾನ್‌ಫರ್ಡ್ 2–1ರಿಂದ ಗೆದ್ದಿತು. ಎರಡು ವಿಶ್ವವಿದ್ಯಾಲಯಗಳ ಮಹಿಳಾ ತಂಡಗಳು ಆಡಿದ ಮೊದಲ ಪಂದ್ಯವೆಂದು ಅದು ಹೆಸರಾಗಿದೆ. ಅಲ್ಲಿಯೂ ಪ್ರೇಕ್ಷಕರೆಲ್ಲ ಹೆಂಗಸರೇ.

ಆದರೆ ಸೆಂಡಾ ಅವರಿಗೆ ಒಂದು ಚಿಂತೆ ಕಾಡುತ್ತಿತ್ತು. ಚೆಂಡಿಗಾಗಿ ಕಿತ್ತಾಟ, ನೂಕಾಟ ಹೆಚ್ಚಾದರೆ ಹಿರಿಯರು ಆಟವನ್ನೇ ನಿಲ್ಲಿಸಿಬಿಟ್ಟಾರು. ಆದ್ದರಿಂದ ಅವರು ನಿಯಮಗಳನ್ನು ತಿದ್ದಿದರು. ಅಂಗಳವನ್ನು ಮೂರು ಭಾಗ ಮಾಡಿ, ಆಟಗಾರ್ತಿಯರು ತಮ್ಮ ತಮ್ಮ ಭಾಗದಲ್ಲಿಯೇ ಆಡಬೇಕೆಂದರು. ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಳ್ಳುವಂತಿಲ್ಲ; ಚೆಂಡನ್ನು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದಿರುವಂತಿಲ್ಲ; ಮೂರಕ್ಕಿಂತ ಹೆಚ್ಚು ಸಲ ನೆಲಕ್ಕೆ ಪುಟಿಸುವಂತಿಲ್ಲ. ಇದರಿಂದ ಒರಟುತನ ತಗ್ಗಿತು. ಚುರುಕಾದ ಒಬ್ಬಳೇ ಅಂಗಳವನ್ನೆಲ್ಲ ಆಕ್ರಮಿಸುವುದು ತಪ್ಪಿ ಎಲ್ಲರಿಗೂ ಚೆಂಡು ಸಿಗುವಂತಾಯಿತು. 1899ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಮಹಿಳೆಯರ ಆಟಕ್ಕೆ ಏಕರೂಪದ ನಿಯಮಗಳನ್ನು ಗೊತ್ತುಮಾಡಲಾಯಿತು. 1901ರಲ್ಲಿ ಸೆಂಡಾ ಅವರ ಸಂಪಾದಕತ್ವದಲ್ಲಿ ಆ ನಿಯಮಗಳ ಪುಸ್ತಕ ಪ್ರಕಟವಾಯಿತು. 1905ರಿಂದ 1917ರವರೆಗೆ ಅವರು ಮಹಿಳಾ ಬಾಸ್ಕೆಟ್‌ಬಾಲ್ ಸಮಿತಿಯ ಅಧ್ಯಕ್ಷೆಯಾಗಿದ್ದರು.

1897ರಲ್ಲಿ ಅವರು ಸ್ವೀಡನ್ನಿನ ಸ್ಟಾಕ್‌ಹೋಮ್‌ಗೆ ಹೋಗಿ ವ್ಯಾಯಾಮ ಶಾಸ್ತ್ರದಲ್ಲಿ ಹೆಚ್ಚಿನ ಶಿಕ್ಷಣ ಪಡೆದು ಬಂದಿದ್ದರು. 1911ರಲ್ಲಿ ಅದೇ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕ ಹರ್ಬರ್ಟ್ ವಾನ್ ಆಬಟ್ ಅವರನ್ನು ವಿವಾಹವಾಗಿ ಸ್ಮಿತ್ ಕಾಲೇಜಿನ ಕೆಲಸ ಬಿಟ್ಟರು. ಆಮೇಲೆ ಊರಿನ ಬಾಲಿಕೆಯರ ಶಾಲೆಯೊಂದರಲ್ಲಿ 1921ರವರೆಗೆ ವ್ಯಾಯಾಮ ಶಿಕ್ಷಣ ನೀಡಿದರು. 1929ರಲ್ಲಿ ಪತಿ ತೀರಿಕೊಂಡರು. ಕೊನೆಯ ವರ್ಷಗಳನ್ನು ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾದಲ್ಲಿ ಕಳೆದು, 1954ರ ಫೆಬ್ರವರಿ 16ರಂದು, ತಮ್ಮ 85ನೆಯ ವಯಸ್ಸಿನಲ್ಲಿ ಸೆಂಡಾ ನಿಧನರಾದರು.

ಸೆಂಡಾ ಎಲ್ಲ ವಿಷಯಗಳಲ್ಲಿಯೂ ತಮ್ಮ ಕಾಲವನ್ನು ಮೀರಿದವರೆಂದು ಹೇಳಿದರೆ ಅದು ಸತ್ಯವಾಗದು. ಒಂದು ಕಾಲೇಜಿನ ತಂಡ ಇನ್ನೊಂದು ಕಾಲೇಜಿನ ಮೇಲೆ ಪಂದ್ಯವಾಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಗೆಲುವಿನ ಹುಚ್ಚು ಹಿಡಿದರೆ ಆರೋಗ್ಯವೂ ಸೌಜನ್ಯವೂ ಕೆಡುತ್ತವೆಂದು ಅವರು ಅಂಜಿದರು. ಆಟವನ್ನು ಕಾಪಾಡಲು ಅವರು ಎಳೆದ ಗೆರೆಗಳೇ ಮುಂದೆ ಹುಡುಗಿಯರ ಕಾಲಿಗೆ ತೊಡಕಾದವು. ಮೂರು ಭಾಗಗಳು ಎರಡಾಗಲು 1938ರವರೆಗೆ ಕಾಯಬೇಕಾಯಿತು. ಅಮೆರಿಕದ ಕಾಲೇಜು ಹುಡುಗಿಯರು ಐದೈದು ಮಂದಿಯ ತಂಡವಾಗಿ ಇಡೀ ಅಂಗಳದಲ್ಲಿ ಓಡಿ ಆಡುವ ನಿಯಮ ಬಂದದ್ದು 1971ರಲ್ಲಿ. ಒಲಿಂಪಿಕ್ಸ್‌ನಲ್ಲಿ ಗಂಡಸರ ಬಾಸ್ಕೆಟ್‌ಬಾಲ್ 1936ರಲ್ಲಿಯೇ ಸೇರಿದ್ದರೆ, ಹೆಂಗಸರಿಗೆ ಆ ಅವಕಾಶ ದೊರೆತದ್ದು 40 ವರ್ಷಗಳ ನಂತರ, 1976ರಲ್ಲಿ.

ಆದರೂ ಮುಚ್ಚಿದ್ದ ಬಾಗಿಲನ್ನು ಮೊದಲು ತೆರೆದವರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. 1985ರಲ್ಲಿ, ನೈಸ್ಮಿತ್ ಅವರ ಹೆಸರಿನಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಬಾಸ್ಕೆಟ್‌ಬಾಲ್ ಕೀರ್ತಿಭವನಕ್ಕೆ ಮೊದಲ ಬಾರಿಗೆ ಮಹಿಳೆಯರನ್ನು ಸೇರಿಸಿದಾಗ ಅವರಲ್ಲಿ ಸೆಂಡಾ ಅವರ ಹೆಸರೂ ಇತ್ತು. ಹೊರಗಿನವರೊಡನೆ ಪಂದ್ಯ ಬೇಡವೆಂದು ಅವರು ಹೇಳಿದ ಅದೇ ಸ್ಮಿತ್ ಕಾಲೇಜಿನ ತಂಡ 2024ರಲ್ಲಿ ಅಮೆರಿಕದ ಕಾಲೇಜುಗಳ ಮೂರನೆಯ ವಿಭಾಗದ ಅಂತಿಮ ಪಂದ್ಯದವರೆಗೆ ಏರಿತು. ಗುರುವಿನ ಗೆರೆಯನ್ನು ಶಿಷ್ಯೆಯರು ದಾಟಿದರೆ ಅದು ಗುರುವಿಗೆ ಅವಮಾನವಲ್ಲ.

ವಿದ್ಯಾರ್ಥಿನಿಯರೇ, ಐದು ನಿಮಿಷ ನಿಲ್ಲಲಾರದೆ ಬಳಲುತ್ತಿದ್ದ ಹುಡುಗಿಯೊಬ್ಬಳು ಸಾವಿರಾರು ಹುಡುಗಿಯರು ಓಡುವಂತೆ ಮಾಡಿದಳು. ಮೈಯಲ್ಲಿ ಶಕ್ತಿಯಿಲ್ಲವೆಂದು ಅಂಗಳದ ಬದಿಯಲ್ಲಿ ಕುಳಿತಿರುವವರು ಇದನ್ನು ನೆನಪಿಡಬೇಕು. ತಂದೆತಾಯಂದಿರಲ್ಲಿಯೂ ನಮ್ಮದೊಂದು ವಿನಂತಿಯಿದೆ. ಹೈಸ್ಕೂಲಿಗೆ ಬಂದ ಮಗಳಿಗೆ ಇನ್ನು ಆಟ ಸಾಕು ಎನ್ನುವ ಮೊದಲು ಒಂದು ಸಲ ಸಂಜೆಯ ಹೊತ್ತು ಶಾಲೆಯ ಅಂಗಳಕ್ಕೆ ಬಂದು ಅವಳು ಆಡುವುದನ್ನು ನೋಡಿರಿ. ನಮ್ಮ ಅಂಗಳದ ಬಾಗಿಲು ಯಾರಿಗೂ ಮುಚ್ಚಿಲ್ಲ.