ತೆರೆಯ ಹಿಂದಣ ದೇವಿಕಾರಾಣಿ

ಬೆಂಗಳೂರಿನಿಂದ ಕನಕಪುರದ ಹಾದಿ ಹಿಡಿದು ಸುಮಾರು ಹನ್ನೆರಡು ಮೈಲಿ ಸಾಗಿದರೆ ತಾತಗುಣಿ ಎಂಬ ಊರು ಸಿಕ್ಕುತ್ತದೆ. ಪೂರ್ವಕ್ಕೆ ಹೊಸೂರು ರಸ್ತೆಯ ಮಗ್ಗುಲಲ್ಲಿ ಎಲೆಕ್ಟ್ರಾನಿಕ್ ಸಿಟಿ ಬೆಳೆದು ನಿಂತಿದೆ. ಅಲ್ಲಿಂದ ಹೊರಟ ಹೆದ್ದಾರಿ ಕನಕಪುರ ರಸ್ತೆಯನ್ನು ಬಂದು ಮುಟ್ಟುತ್ತದೆ. ಈ ಗದ್ದಲದ ನಡುವೆಯೂ ಮರಗಳನ್ನು ಉಳಿಸಿಕೊಂಡಿರುವ ತೋಟವೊಂದು ತಾತಗುಣಿಯಲ್ಲಿದೆ. ಅದರ ವಿಸ್ತೀರ್ಣ ೪೫೦ ಎಕರೆಗೂ ಹೆಚ್ಚು. ಒಂದು ಕಾಲಕ್ಕೆ ಭಾರತದ ಬೆಳ್ಳಿತೆರೆಯ ಅತ್ಯಂತ ಪ್ರಸಿದ್ಧ ಮುಖವಾಗಿದ್ದ ಹೆಂಗಸೊಬ್ಬಳು ತನ್ನ ಬಾಳಿನ ಉತ್ತರಾರ್ಧವನ್ನು ಕಳೆದದ್ದು ಈ ತೋಟದ ಒಡತಿಯಾಗಿ. ಆಕೆ ದೇವಿಕಾರಾಣಿ.

ಜನ ಆಕೆಯ ಮುಖವನ್ನು ನೆನೆದರು, ಕೈಯನ್ನು ಮರೆತರು. ತಾರೆ ಎಂಬ ಮಾತು ಆಕೆಯ ಹೆಸರಿನೊಡನೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಸಿನಿಮಾ ಎಂಬ ಕಾರ್ಖಾನೆಗೆ ಆಕೆ ಪ್ರವೇಶಿಸಿದ್ದು ನಟಿಯಾಗಿ ಅಲ್ಲ, ಕೆಲಸದಾಕೆಯಾಗಿ ಎಂಬುದು ಮರೆಯಾಗಿಯೇ ಹೋಯಿತು.

ಹುಟ್ಟಿದ್ದು ೧೯೦೮ರ ಮಾರ್ಚ್ ೩೦ರಂದು, ವಿಶಾಖಪಟ್ಟಣದ ವಾಲ್ಟೇರಿನಲ್ಲಿ. ತಂದೆ ಕರ್ನಲ್ ಮನ್ಮಥನಾಥ ಚೌಧುರಿ ಮದರಾಸು ಪ್ರಾಂತದ ಸರ್ಜನ್ ಜನರಲ್ ಪದವಿಗೇರಿದ ಮೊದಲ ಭಾರತೀಯ. ರವೀಂದ್ರನಾಥ ಠಾಕೂರರ ಮನೆತನಕ್ಕೂ ಇವರಿಗೂ ರಕ್ತಸಂಬಂಧ. ಒಂಬತ್ತರ ಪ್ರಾಯದಲ್ಲೇ ಮಗುವನ್ನು ಇಂಗ್ಲೆಂಡಿನ ಶಾಲೆಗೆ ಕಳುಹಿಸಿದರು. ಅಲ್ಲಿ ಆಕೆ ನಾಟ್ಯ ಸಂಗೀತಗಳನ್ನು ಕಲಿತದ್ದು ನಿಜ. ಅದಕ್ಕಿಂತ ಮುಖ್ಯವಾದದ್ದು, ವಾಸ್ತುಶಿಲ್ಪ ಮತ್ತು ಬಟ್ಟೆಯ ವಿನ್ಯಾಸಗಳನ್ನು ಕಲಿತದ್ದು. ಬಟ್ಟೆಯ ಮೇಲೆ ನಮೂನೆ ಬರೆದು ಕೂಲಿ ಸಂಪಾದಿಸುವ ಕಸುಬನ್ನು ದೊಡ್ಡ ಮನೆತನದ ಹುಡುಗಿಯೊಬ್ಬಳು ಆರಿಸಿಕೊಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

೧೯೨೮ರಲ್ಲಿ ಹಿಮಾಂಶು ರಾಯ್ ಎಂಬ ಬಂಗಾಳಿ ನಿರ್ಮಾಪಕ ಆಕೆಯನ್ನು ಕಂಡರು. ಮಹಾಭಾರತದ ದ್ಯೂತದ ನೆರಳಿನಲ್ಲಿ ಹೆಣೆದ ‘ಪ್ರಪಂಚ ಪಾಶ’ ಎಂಬ ಮೂಕಿಚಿತ್ರದ ಸಿದ್ಧತೆಯಲ್ಲಿದ್ದ ಅವರು ಆಕೆಯನ್ನು ಕರೆದದ್ದು ನಟನೆಗಲ್ಲ. ಉಡುಗೆಯ ವಿನ್ಯಾಸಕ್ಕೆ, ದೃಶ್ಯಸಜ್ಜಿಕೆಗೆ ನೆರವಾಗಲು. ೧೯೨೯ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಆಕೆಯ ಮುಖವಿಲ್ಲ, ಕೆಲಸವಿದೆ. ಅದೇ ವರ್ಷ ಇಬ್ಬರಿಗೂ ವಿವಾಹವಾಯಿತು. ದಂಪತಿಗಳು ಜರ್ಮನಿಗೆ ಹೋದರು. ಬರ್ಲಿನ್ನಿನ ಹೊರವಲಯದಲ್ಲಿದ್ದ ಊಫಾ ಸ್ಟುಡಿಯೋ ಆಗ ಯೂರೋಪಿನಲ್ಲೇ ಹಿರಿದು. ಅಲ್ಲಿ ದೇವಿಕಾರಾಣಿ ಪ್ರಸಾಧನ, ಉಡುಗೆ, ಅಭಿನಯಗಳನ್ನು ಉಮೇದುವಾರಳಾಗಿ ಕಲಿತರು.

ಇದನ್ನು ಅಲಂಕಾರದ ವಿದ್ಯೆಯೆಂದು ತಳ್ಳಿಹಾಕುವಂತಿಲ್ಲ. ಕಪ್ಪು ಬಿಳುಪಿನ ಫಿಲಂಗೆ ಬಣ್ಣ ಕಾಣದು, ಬೆಳಕಿನ ತರತಮ ಮಾತ್ರ ಕಾಣುತ್ತದೆ. ಹಳೆಯ ಬಗೆಯ ಫಿಲಂಗೆ ಕೆಂಪೆಂದರೆ ಕಪ್ಪು; ತುಟಿಗೆ ಹಚ್ಚಿದ ರಂಗು ತೆರೆಯ ಮೇಲೆ ಮಸಿಯಾಗುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಹೊಸ ಫಿಲಂ ಬಳಕೆಗೆ ಬಂದಾಗ ಪ್ರಸಾಧನಕಾರನ ಶಾಸ್ತ್ರವೇ ಬದಲಾಯಿತು. ಹಸಿರು ಸೀರೆ, ನೀಲಿ ಸೀರೆ ಎರಡೂ ಒಂದೇ ಬೂದಿಬಣ್ಣವಾಗಿ ಕಂಡರೆ ಉಡುಗೆಗಾರನ ಶ್ರಮವೆಲ್ಲ ವ್ಯರ್ಥ. ಹೀಗಾಗಿ ಪ್ರಸಾಧನಕಾರ ಚಿತ್ರಗ್ರಾಹಕನನ್ನು ಕೇಳಬೇಕು, ಚಿತ್ರಗ್ರಾಹಕ ಸೆಟ್ಟು ಕಟ್ಟುವವನನ್ನು ಕೇಳಬೇಕು, ಮಾತು ಬಂದ ಮೇಲೆ ಅವರೆಲ್ಲರೂ ಧ್ವನಿಗ್ರಾಹಕನ ಅಪ್ಪಣೆ ಪಡೆಯಬೇಕು. ಒಬ್ಬನ ಕೆಲಸ ಮತ್ತೊಬ್ಬನ ಕೆಲಸದೊಳಗೆ ಹೀಗೆ ಸೇರಿಕೊಂಡಿರುವುದನ್ನು ದೇವಿಕಾರಾಣಿ ಕಂಡುಕೊಂಡದ್ದು ಕ್ಯಾಮೆರಾದ ಮುಂದೆ ನಿಂತಲ್ಲ.

‘ಕರ್ಮ’ ೧೯೩೩ರಲ್ಲಿ ಲಂಡನ್ನಿನಲ್ಲಿ ತೆರೆಕಂಡಿತು. ಆಕೆಗೆ ಹೆಸರು ಬಂತು. ಮರುವರ್ಷ ಮುಂಬಯಿಯ ಮಲಾಡಿನಲ್ಲಿ ದಂಪತಿಗಳು ‘ಬಾಂಬೆ ಟಾಕೀಸ್’ ಸ್ಥಾಪಿಸಿದರು. ಅದೇ ೧೯೩೪ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ಬಿಡುಗಡೆಯಾಯಿತೆಂಬುದನ್ನು ಇಲ್ಲಿ ನೆನೆಯಬಹುದು. ಅದನ್ನು ತಯಾರಿಸಲು ನಮ್ಮವರು ಕೊಲ್ಹಾಪುರಕ್ಕೆ ಹೋಗಬೇಕಾಗಿತ್ತು, ಏಕೆಂದರೆ ನಮ್ಮಲ್ಲಿ ಸ್ಟುಡಿಯೋ ಇರಲಿಲ್ಲ. ಕಲಾವಿದರ ಬಡತನ ಕನ್ನಡಕ್ಕೆ ಎಂದೂ ಇರಲಿಲ್ಲ. ಇಲ್ಲದಿದ್ದದ್ದು ಕಸುಬುದಾರರ ಮನೆ. ಮಲಾಡಿನಲ್ಲಿ ಎದ್ದದ್ದು ಅಂಥ ಮನೆ.

ಅಲ್ಲಿನ ನಿರ್ದೇಶಕ ಫ್ರಾಂಜ್ ಓಸ್ಟನ್, ಚಿತ್ರಗ್ರಾಹಕ ಯೋಸೆಫ್ ವಿರ್ಷಿಂಗ್, ಸೆಟ್ಟುಗಳ ವಿನ್ಯಾಸಕಾರ ಕಾರ್ಲ್ ಫಾನ್ ಸ್ಪ್ರೇಟಿ ಮೂವರೂ ಜರ್ಮನರು. ಧ್ವನಿಗ್ರಾಹಕ ಹಾರ್ಟ್ಲಿ ಇಂಗ್ಲಿಷರವನು. ಅವರ ಕೈಕೆಳಗೆ ನಮ್ಮ ವಿದ್ಯಾವಂತ ಯುವಕರನ್ನು ಕಲಿಯಲು ಇಡುವುದು ಹಿಮಾಂಶು ರಾಯರ ಸಂಕಲ್ಪ. ಭೌತಶಾಸ್ತ್ರ ಓದಿದ ಶಶಧರ ಮುಖರ್ಜಿ ಧ್ವನಿ ವಿಭಾಗಕ್ಕೆ ಸೇರಿದರು. ಅವರ ಮೈದುನ ಕುಮುದಲಾಲ ಗಂಗೂಲಿ ಫಿಲಂ ತೊಳೆಯುವ ಪ್ರಯೋಗಾಲಯದಲ್ಲಿ ಸಹಾಯಕನಾದ. ಸಂಗೀತಕ್ಕೆ ಪಾರಸಿ ಮಹಿಳೆಯೊಬ್ಬರು ಸರಸ್ವತೀದೇವಿ ಎಂಬ ಹೆಸರಿನಲ್ಲಿ ನಿಂತರು. ಹೆಣ್ಣುಮಗಳು ಸಿನಿಮಾಕ್ಕೆ ಇಳಿದಳೆಂದು ಆ ಸಮಾಜದವರು ಗದ್ದಲ ಮಾಡಿದರೂ ಸಂಸ್ಥೆ ಆಕೆಯನ್ನು ಬಿಟ್ಟುಕೊಡಲಿಲ್ಲ.

ಓಸ್ಟನ್‌ಗೆ ಹಿಂದಿ ಬಾರದು. ಭಾಷೆಯರಿಯದ ನಿರ್ದೇಶಕ, ನಮ್ಮ ಹಳ್ಳಿಯನ್ನರಿಯದ ಚಿತ್ರಗ್ರಾಹಕ. ಇವರಿಂದ ೧೯೩೬ರಲ್ಲಿ ‘ಅಛೂತ್ ಕನ್ಯಾ’ದಂಥ ಚಿತ್ರ ಹೊರಬಂದದ್ದು ಸೋಜಿಗ. ಹೊಲೆಯರ ಹುಡುಗಿಗೂ ಬ್ರಾಹ್ಮಣ ಹುಡುಗನಿಗೂ ನಡುವಣ ಪ್ರೇಮ, ರೈಲ್ವೆ ಗೇಟಿನ ಬಳಿ ಮುಗಿಯುವ ದುರಂತ. ಕಥೆ ನಿರಂಜನ ಪಾಲರದು, ಸಂಭಾಷಣೆ ಕಶ್ಯಪರದು. ಹಾಡನ್ನು ನಟರೇ ಹಾಡಬೇಕಾಗಿದ್ದ ಕಾಲ ಅದು. ರಾಗ ಕೂರಿಸಿದ ಸರಸ್ವತೀದೇವಿಯೇ ನಟರ ಕಂಠವನ್ನೂ ತಿದ್ದಬೇಕು. ಮೈಕು ಚೌಕಟ್ಟಿನೊಳಗೆ ಇಣುಕದಂತೆ ಧ್ವನಿಗ್ರಾಹಕ ಕಾಯಬೇಕು. ಚಿತ್ರ ನೋಡಿದವರು ಹೊಗಳಿದ್ದು ದೇವಿಕಾರಾಣಿಯ ಕಣ್ಣುಗಳನ್ನು. ಆ ಕಣ್ಣುಗಳಲ್ಲಿ ಬೆಳಕಿನ ಚುಕ್ಕೆಯಿಟ್ಟವನು ವಿರ್ಷಿಂಗ್ ಎಂದು ಯಾರೂ ಹೇಳಲಿಲ್ಲ. ಹೇಳಬಲ್ಲವರಿದ್ದರೆ ಅದು ಆಕೆಯೇ.

ಆ ಚಿತ್ರದ ನಾಯಕನ ವಿಚಾರವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅದರ ಹಿಂದಿನ ‘ಜೀವನ್ ನೈಯಾ’ ತಯಾರಾಗುತ್ತಿದ್ದಾಗ ದೇವಿಕಾರಾಣಿ ನಾಯಕ ನಟ ನಜ್ಮುಲ್ ಹುಸೇನನೊಡನೆ ಸ್ಟುಡಿಯೋ ಬಿಟ್ಟು ಹೊರಟುಹೋದರು. ಶಶಧರ ಮುಖರ್ಜಿ ಮಾತಾಡಿ ಆಕೆಯನ್ನು ಹಿಂದಕ್ಕೆ ಕರೆತಂದರು. ನಟನಿಗೆ ಮತ್ತೆ ಬಾಗಿಲು ತೆರೆಯಲಿಲ್ಲ. ಈ ಪ್ರಸಂಗವನ್ನು ರಸವತ್ತಾಗಿ ಬರೆದವರು ಬಹಳ ಮಂದಿ. ನನಗೆ ಹೆಚ್ಚಿನದಾಗಿ ತೋರುವುದು ಅದರ ಮುಂದಿನ ಸಂಗತಿ. ತೆರವಾದ ಸ್ಥಾನಕ್ಕೆ ಹಿಮಾಂಶು ರಾಯ್ ಹೊರಗಿನಿಂದ ಯಾರನ್ನೂ ಕರೆಯಲಿಲ್ಲ. ಪ್ರಯೋಗಾಲಯದಲ್ಲಿ ರಾಸಾಯನಿಕಗಳ ನಡುವೆ ನಿಂತಿದ್ದ ಕುಮುದಲಾಲನನ್ನು ಕರೆದರು. ಓಸ್ಟನ್‌ಗೆ ಆ ಹುಡುಗನ ದವಡೆ ಹಿಡಿಸಲಿಲ್ಲವಂತೆ. ಅವನೇ ಅಶೋಕಕುಮಾರ. ಆರು ದಶಕಗಳ ನಟಜೀವನ ಹೀಗೆ ಒಂದು ಅವಘಡದಿಂದ ಮೊದಲಾಯಿತು. ತಾರೆಯಾಗಿ ಮೆರೆಯುತ್ತಿದ್ದಾಕೆ ಅಳುಕುತ್ತಿದ್ದ ಆ ಸಹಾಯಕನೊಡನೆ ಸರಿಸಮವಾಗಿ ನಿಂತು ಒಂದಾದ ಮೇಲೊಂದು ಚಿತ್ರ ಮಾಡಿದಳೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

೧೯೩೯ರಲ್ಲಿ ಯುದ್ಧ ಬಂತು. ಜರ್ಮನರನ್ನು ಸರ್ಕಾರ ಬಂಧಿಸಿತು. ಸ್ಟುಡಿಯೋದ ಬಲಗೈ ಒಂದೇ ದಿನದಲ್ಲಿ ಮುರಿದಂತಾಯಿತು. ಆದರೆ ಕೆಲಸ ನಿಲ್ಲಲಿಲ್ಲ, ಕಲಿಯಲು ನಿಂತಿದ್ದ ಹುಡುಗರು ಅಷ್ಟರಲ್ಲಿ ಕಲಿತಿದ್ದರು. ೧೯೪೦ರ ಮೇ ತಿಂಗಳಲ್ಲಿ ಹಿಮಾಂಶು ರಾಯರು ತೀರಿಕೊಂಡರು. ಮೂವತ್ತೆರಡರ ವಿಧವೆ ನಿರ್ಮಾಣದ ಸೂತ್ರ ಹಿಡಿದರು. ಆಕೆಯ ಅಧಿಕಾರದಲ್ಲಿ ‘ಬಸಂತ್’ ಬಂತು, ‘ಕಿಸ್ಮತ್’ ಬಂತು. ೧೯೪೩ರ ಈ ಎರಡನೆಯದು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ಯೂಸುಫ್ ಖಾನ್ ಎಂಬ ಹಣ್ಣಿನ ವ್ಯಾಪಾರಿಯ ಮಗನನ್ನು ಸಂಬಳಕ್ಕೆ ಗೊತ್ತುಮಾಡಿಕೊಂಡು, ಕೂಡಲೇ ಬಣ್ಣ ಹಚ್ಚದೆ, ಚಿತ್ರೀಕರಣ ನಡೆಯುವುದನ್ನು ಸುಮ್ಮನೆ ನೋಡುತ್ತಿರಲು ಬಿಟ್ಟವರೂ ಆಕೆಯೇ. ದಿಲೀಪಕುಮಾರ್ ಎಂಬ ಹೆಸರೂ ಆಕೆ ಕೊಟ್ಟದ್ದು. ತಾನು ಬರ್ಲಿನ್ನಿನಲ್ಲಿ ಕಲಿತ ಕ್ರಮವನ್ನೇ ಆ ಹುಡುಗನಿಗೂ ಹಾಕಿಕೊಟ್ಟರೆಂದು ತೋರುತ್ತದೆ.

ಆದರೆ ಒಡೆದ ಮನೆಯನ್ನು ಆಳುವುದು ಆಕೆಯಿಂದಾಗಲಿಲ್ಲ. ಸಂಸ್ಥೆಯಲ್ಲಿ ಎರಡು ಬಣಗಳಾಗಿ, ಸರದಿಯ ಮೇಲೆ ಚಿತ್ರ ತಯಾರಿಸುವ ಸ್ಥಿತಿ ಬಂತು. ೧೯೪೩ರಲ್ಲಿ ಶಶಧರ ಮುಖರ್ಜಿ, ಅಶೋಕಕುಮಾರ್ ಮೊದಲಾದವರು ಹೊರನಡೆದು ‘ಫಿಲ್ಮಿಸ್ತಾನ್’ ಕಟ್ಟಿದರು. ತಪ್ಪು ಒಂದೇ ಕಡೆಯದೆಂದು ಹೇಳಲಾಗದು; ಹಿಮಾಂಶು ರಾಯರಿಗೆ ತಗ್ಗಿ ನಡೆದ ಗಂಡಸರಿಗೆ ಅವರ ಹೆಂಡತಿಗೆ ತಗ್ಗುವುದು ಕಷ್ಟವಾಗಿದ್ದರೆ ಆಶ್ಚರ್ಯವಿಲ್ಲ. ೧೯೪೫ರಲ್ಲಿ ಆಕೆ ತಮ್ಮ ಪಾಲು ಮಾರಿ, ರಷ್ಯದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕರನ್ನು ವರಿಸಿ, ಸಿನಿಮಾಕ್ಕೆ ಬೆನ್ನು ಹಾಕಿದರು. ನಟಿಸಿದ್ದು ಹದಿನೈದರಷ್ಟು ಚಿತ್ರಗಳಲ್ಲಿ. ವಯಸ್ಸು ಇನ್ನೂ ಮೂವತ್ತೇಳು.

ಕೆಲಕಾಲ ಹಿಮಾಲಯದ ತಪ್ಪಲಿನಲ್ಲಿದ್ದು ಬಳಿಕ ದಂಪತಿಗಳು ಬೆಂಗಳೂರಿಗೆ ಬಂದರು. ತಾತಗುಣಿಯ ತೋಟದಲ್ಲಿ ಸುಗಂಧತೈಲ ಕೊಡುವ ಲಿನಾಲೋ ಮರಗಳನ್ನು ಬೆಳೆಸಿದರು. ರೋರಿಕರು ಚಿತ್ರ ಬರೆದರು. ನಮ್ಮ ಚಿತ್ರಕಲಾ ಪರಿಷತ್ತಿನ ಬೆಳವಣಿಗೆಗೆ ಒತ್ತಾಸೆಯಾದರು. ದೇವಿಕಾರಾಣಿಗೆ ೧೯೫೮ರಲ್ಲಿ ಪದ್ಮಶ್ರೀ, ೧೯೬೯ರ ಸಾಲಿನಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದವು. ಫಾಲ್ಕೆ ಪ್ರಶಸ್ತಿ ಆಕೆಯಿಂದಲೇ ಆರಂಭವಾಯಿತು. ಕನ್ನಡ ಚಿತ್ರರಂಗ ಮದರಾಸಿನಿಂದ ಬೆಂಗಳೂರಿಗೆ ನೆಲೆ ಬದಲಿಸುತ್ತಿದ್ದ ದಶಕಗಳಲ್ಲಿ, ಸ್ಟುಡಿಯೋ ಒಂದನ್ನು ಬುಡದಿಂದ ತುದಿಯವರೆಗೆ ಬಲ್ಲ ಹೆಂಗಸು ಊರಿನ ಅಂಚಿನಲ್ಲೇ ಇದ್ದರು. ಆ ಅರಿವು ನಮಗೆ ದಕ್ಕಲಿಲ್ಲವೆಂಬುದು ಈ ಲೇಖಕನ ಕೊರಗು.

ಕೊನೆಯ ವರ್ಷಗಳನ್ನು ವೃದ್ಧ ದಂಪತಿಗಳು ನಗರದ ಹೋಟೆಲೊಂದರಲ್ಲಿ ಕಳೆದರು. ೧೯೯೩ರ ಜನವರಿಯಲ್ಲಿ ರೋರಿಕರು, ೧೯೯೪ರ ಮಾರ್ಚ್ ೯ರಂದು ದೇವಿಕಾರಾಣಿ ಕಣ್ಮುಚ್ಚಿದರು. ಮಕ್ಕಳಿರಲಿಲ್ಲ. ತೋಟ ಯಾರದೆಂಬ ವ್ಯಾಜ್ಯ ನ್ಯಾಯಾಲಯಗಳನ್ನು ಹತ್ತಿತು. ೧೯೯೬ರಲ್ಲಿ ಕರ್ನಾಟಕ ಶಾಸಕಾಂಗ ಅದನ್ನು ಸರ್ಕಾರಕ್ಕೆ ಪಡೆಯಲು ದಂಪತಿಗಳ ಹೆಸರಿನಲ್ಲೇ ಒಂದು ಕಾಯಿದೆ ಮಾಡಿತು. ಆ ಕಾಯಿದೆಯನ್ನು ೨೦೧೧ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಮಲಾಡಿನ ಸ್ಟುಡಿಯೋ ೧೯೫೪ರ ಹೊತ್ತಿಗೇ ಚಿತ್ರ ತೆಗೆಯುವುದನ್ನು ನಿಲ್ಲಿಸಿತ್ತು.