ಶ್ರೀನಿವಾಸ ರಾಮಾನುಜನ್

ಶ್ರೀನಿವಾಸ ರಾಮಾನುಜನ್ (ಡಿಸೆಂಬರ್ 22, 1887 – ಏಪ್ರಿಲ್ 26, 1920) ಭಾರತದ ಪ್ರಸಿದ್ಧ ಗಣಿತಜ್ಞರು. ಸಂಖ್ಯಾಸಿದ್ಧಾಂತ, ಅನಂತ ಶ್ರೇಣಿ ಮತ್ತು ಸತತ ಭಿನ್ನರಾಶಿಗಳ ಕ್ಷೇತ್ರದಲ್ಲಿ ಮಹತ್ವದ ಕೊಡುಗೆ ನೀಡಿದ್ದಾರೆ. ಮದರಾಸಿನ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಅವರು, ಮುಂದೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪದವಿ ಪಡೆದು, ಅಲ್ಲಿನ ಟ್ರಿನಿಟಿ ಕಾಲೇಜಿನ ಫೆಲೋ ಆಗಿ ಆಯ್ಕೆಯಾದ ಮೊದಲ ಭಾರತೀಯರೆನಿಸಿದರು.

ಬಾಲ್ಯ ಮತ್ತು ಶಿಕ್ಷಣ

ರಾಮಾನುಜನ್ ಈರೋಡಿನಲ್ಲಿ ಜನಿಸಿ ಕುಂಭಕೋಣದಲ್ಲಿ ಬೆಳೆದರು. ತಂದೆ ಶ್ರೀನಿವಾಸ ಅಯ್ಯಂಗಾರ್ ಜವಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು, ತಾಯಿ ಕೋಮಲತಮ್ಮಾಳ್. ಟೌನ್ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, 1903ರ ಸುಮಾರಿಗೆ, ಜಿ. ಎಸ್. ಕಾರ್ ಸಂಕಲಿಸಿದ ಗಣಿತಗ್ರಂಥವೊಂದು ಅವರ ಕೈಸೇರಿತು. ಸಾವಿರಾರು ಸೂತ್ರಗಳನ್ನು ಹೆಚ್ಚಿನ ವಿವರಣೆಯಿಲ್ಲದೆ ಪಟ್ಟಿಮಾಡಿದ್ದ ಆ ಗ್ರಂಥದ ಫಲಿತಾಂಶಗಳನ್ನು ಅವರು ತಾವೇ ಸಾಧಿಸತೊಡಗಿದರು.

1904ರಲ್ಲಿ ಗಣಿತಕ್ಕಾಗಿ ಬಹುಮಾನವನ್ನೂ ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ವ್ಯಾಸಂಗಕ್ಕೆ ವಿದ್ಯಾರ್ಥಿವೇತನವನ್ನೂ ಪಡೆದರು. ಆದರೆ ಗಣಿತದಲ್ಲೇ ಮಗ್ನರಾಗಿ ಇತರ ವಿಷಯಗಳನ್ನು ಕಡೆಗಣಿಸಿದ್ದರಿಂದ ಅನುತ್ತೀರ್ಣರಾಗಿ ವಿದ್ಯಾರ್ಥಿವೇತನ ಕಳೆದುಕೊಂಡರು. 1906ರಲ್ಲಿ ಮದರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿದರು. ಎಫ್.ಎ. ಪರೀಕ್ಷೆಯಲ್ಲಿ ಎಲ್ಲ ವಿಷಯಗಳಲ್ಲೂ ತೇರ್ಗಡೆಯಾಗುವುದು ಕಡ್ಡಾಯವಾಗಿತ್ತು. 1906 ಮತ್ತು 1907ರಲ್ಲಿ ಎರಡು ಬಾರಿ ಪರೀಕ್ಷೆಗೆ ಕುಳಿತರೂ ಉತ್ತೀರ್ಣರಾಗಲಿಲ್ಲ. ಇದರಿಂದ ಪದವಿ ವ್ಯಾಸಂಗದ ಮಾರ್ಗ ಮುಚ್ಚಿಹೋಯಿತು.

ಪದವಿಯಿಲ್ಲದ ವರ್ಷಗಳು

ಬಡತನದ ನಡುವೆಯೂ ರಾಮಾನುಜನ್ ತಮ್ಮ ಶೋಧನೆಗಳನ್ನು ಟಿಪ್ಪಣಿ ಪುಸ್ತಕಗಳಲ್ಲಿ ದಾಖಲಿಸುತ್ತ ಹೋದರು. ಭಾರತೀಯ ಗಣಿತ ಸಂಘದ ಸ್ಥಾಪಕರಾದ ವಿ. ರಾಮಸ್ವಾಮಿ ಅಯ್ಯರ್ ಈ ಪುಸ್ತಕಗಳನ್ನು ಕಂಡು ಪ್ರೋತ್ಸಾಹಿಸಿದರು. ನೆಲ್ಲೂರಿನ ಕಲೆಕ್ಟರ್ ಆಗಿದ್ದ ಆರ್. ರಾಮಚಂದ್ರ ರಾವ್ ಧನಸಹಾಯ ನೀಡಿದರು. 1911ರಲ್ಲಿ ಸಂಘದ ಪತ್ರಿಕೆಯಲ್ಲಿ, ಬರ್ನೌಲಿ ಸಂಖ್ಯೆಗಳ ಕುರಿತ ಅವರ ಮೊದಲ ಪ್ರಬಂಧ ಪ್ರಕಟವಾಯಿತು. 1912ರಲ್ಲಿ ಮದರಾಸು ಬಂದರು ಮಂಡಳಿಯಲ್ಲಿ ತಿಂಗಳಿಗೆ 30 ರೂಪಾಯಿ ವೇತನದ ಗುಮಾಸ್ತರಾದರು.

ಕೇಂಬ್ರಿಡ್ಜ್ ಪ್ರವೇಶ

1913ರ ಜನವರಿಯಲ್ಲಿ ರಾಮಾನುಜನ್ ಟ್ರಿನಿಟಿ ಕಾಲೇಜಿನ ಜಿ. ಎಚ್. ಹಾರ್ಡಿಯವರಿಗೆ ಪತ್ರ ಬರೆದು, ತಮಗೆ ವಿಶ್ವವಿದ್ಯಾಲಯದ ಶಿಕ್ಷಣವಿಲ್ಲವೆಂಬುದನ್ನು ಮರೆಮಾಚದೆ ತಿಳಿಸಿ, ಅನೇಕ ಪ್ರಮೇಯಗಳನ್ನು ಲಗತ್ತಿಸಿದರು. ಅವುಗಳಲ್ಲಿ ಕೆಲವು ಆಗಲೇ ತಿಳಿದಿದ್ದವು, ಕೆಲವು ತಪ್ಪಾಗಿದ್ದವು. ಉಳಿದವು ಸಂಪೂರ್ಣ ಹೊಸವಾಗಿದ್ದವು. ಹಾರ್ಡಿ ಮತ್ತು ಜೆ. ಇ. ಲಿಟಲ್‌ವುಡ್ ಅವುಗಳನ್ನು ಪರಿಶೀಲಿಸಿ ಬರೆದವರ ಅಸಾಧಾರಣ ಪ್ರತಿಭೆಯನ್ನು ಗುರುತಿಸಿದರು. ಅದೇ ವರ್ಷ ಮದರಾಸು ವಿಶ್ವವಿದ್ಯಾಲಯವು, ಪದವಿಯಿಲ್ಲದಿದ್ದರೂ, ತಿಂಗಳಿಗೆ 75 ರೂಪಾಯಿಗಳ ಸಂಶೋಧನಾ ವೇತನ ನೀಡಿತು.

ಸಮುದ್ರಯಾನಕ್ಕೆ ಸಂಪ್ರದಾಯದ ಅಡ್ಡಿಯಿತ್ತು. ತಾಯಿಯ ಒಪ್ಪಿಗೆ ದೊರೆತ ನಂತರ, 1914ರ ಮಾರ್ಚ್ 17ರಂದು ಅವರು ಇಂಗ್ಲೆಂಡಿಗೆ ಹೊರಟರು. ನಿಯಮಾನುಸಾರದ ಅರ್ಹತೆಗಳಿಲ್ಲದಿದ್ದರೂ ಕೇಂಬ್ರಿಡ್ಜ್ ಅವರನ್ನು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿಸಿಕೊಂಡಿತು. ಅವರಿಗೆ ಪರಿಚಯವಿಲ್ಲದಿದ್ದ ಆಧುನಿಕ ಗಣಿತದ ಭಾಗಗಳನ್ನೂ ಕಟ್ಟುನಿಟ್ಟಾದ ಸಾಧನೆಯ ಕ್ರಮವನ್ನೂ ಹಾರ್ಡಿ ಕಲಿಸಿದರು. ಅತಿಸಂಯುಕ್ತ ಸಂಖ್ಯೆಗಳ ಕುರಿತ ಸಂಶೋಧನೆಗಾಗಿ 1916ರ ಮಾರ್ಚ್‌ನಲ್ಲಿ ಅವರಿಗೆ ಬಿ.ಎ. ಪದವಿ ದೊರೆಯಿತು.

ಗೌರವಗಳು ಮತ್ತು ನಿಧನ

1918ರಲ್ಲಿ ರಾಮಾನುಜನ್ ರಾಯಲ್ ಸೊಸೈಟಿಯ ಹಾಗೂ ಟ್ರಿನಿಟಿ ಕಾಲೇಜಿನ ಫೆಲೋ ಆಗಿ ಆಯ್ಕೆಯಾದರು. ತೀವ್ರ ಅನಾರೋಗ್ಯದಿಂದ 1919ರಲ್ಲಿ ಭಾರತಕ್ಕೆ ಮರಳಿ, ಮರುವರ್ಷ 32ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಜನ್ಮದಿನವಾದ ಡಿಸೆಂಬರ್ 22ನ್ನು ಭಾರತದಲ್ಲಿ ರಾಷ್ಟ್ರೀಯ ಗಣಿತ ದಿನವನ್ನಾಗಿ ಆಚರಿಸಲಾಗುತ್ತದೆ.